ಅಳಿಯಂದಿರ ಕತ್ತು ವಾಲಿದ್ದ ಬೇಸಿಗೆ

ಅಧಿಕ ಮಾಸದ ಆ ತಾಟು ನನ್ನ ಕೈಯಿಂದ ಜಾರಲಿಲ್ಲ. ಅಳಿಯಂದಿರು ಅದನ್ನು ಹಿಡಿಯಲೇ ಇಲ್ಲ. ತಾಟು ಇದ್ದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಅವರ ಎರಡೂ ಕೈ ಗಾಳಿಯನ್ನು ಹಿಡಿದವು. ನಾನು ಎಲ್ಲರೆದುರು ನನ್ನ ಕೈ ಜಾರಿತು ಎಂದೆ. ಆ ಸುಳ್ಳನ್ನು ನಂಬಿ ಮನೆಯವರು ಸುಮ್ಮನಾದರು, ಅಳಿಯಂದಿರು ಮತ್ತೆ ಮೈದಾನಕ್ಕೆ ಹೋಗಿ ನಿಂತರು, ಇನ್ನೊಂದು ಸಲ ಚೆಂಡಿನ ಪೆಟ್ಟು ತಿಂದರು. ನಡೆದದ್ದು ಇಷ್ಟೇ. ಮಗಳು ಚೆಂಡಿನ ಎರಡೂ ಪೆಟ್ಟನ್ನು ಆಕ್ಸಿಡೆಂಟ್ ಎನ್ನುತ್ತಾಳೆ. ಮೊದಲನೆಯದು ಆಕ್ಸಿಡೆಂಟ್. ಎರಡನೆಯದು ನಾನು ಮಾಡಿದ್ದು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಧಾರವಾಡದಲ್ಲಿ ಗಂಡನ ಜೊತೆ ಇಪ್ಪತ್ತೆಂಟು ವರ್ಷ ಖಾನಾವಳಿ ನಡೆಸಿದೆ. ಅವರು ಬಡಿಸುವುದು, ನಾನು ರೊಟ್ಟಿ ಬಡಿಯುವುದು. ಒಲೆಯ ಮುಂದೆ ಕುಳಿತವಳಿಗೆ ಬಂದವರ ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು. ಯಾರು ಹಸಿದು ಬಂದಿದ್ದಾರೆ, ಯಾರಿಗೆ ಜ್ವರ, ಯಾರು ಕುಡಿದಿದ್ದಾರೆ ಎಂಬುದು ರೊಟ್ಟಿ ಮುರಿಯುವ ಕೈಯಿಂದಲೇ ಗೊತ್ತಾಗುತ್ತಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಬೇಸಿಗೆಯಲ್ಲಿ ನನಗೆ ಏನೂ ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಮಗಳು ಔಷಧದ ಓದಿಗೆಂದು ಈ ದೇಶಕ್ಕೆ ಬಂದವಳು, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆದಳು, ಅಲ್ಲಿಗೆ ತೋಳುನೋವಿನ ಗುಳಿಗೆ ಒಯ್ಯಲು ಬಂದ ಒಬ್ಬ ಆಟಗಾರನನ್ನು ಮದುವೆಯಾಗುತ್ತೇನೆ ಎಂದಳು. ಅವರ ಕೆಲಸ ಏನು ಎಂದು ಫೋನಿನಲ್ಲಿ ಕೇಳಿದೆ.

"ಪಿಚರ್ ಅವ್ವಾ. ಬೇಸ್‌ಬಾಲ್ ಒಳಗ ಚೆಂಡು ಒಗಿಯಾಂವ."

"ಅದು ಆತು, ಕೆಲಸ ಏನು?"

"ಅದೇ ಕೆಲಸ."

"ಚೆಂಡು ಒಗದು ಹೊಟ್ಟಿ ತುಂಬತದೇನ? ಓಣ್ಯಾಗಿನ ಹುಡುಗ್ರೆಲ್ಲಾ ಒಗೀತಾರ ಹಂಗಾರ."

ಇನ್ನೂ ಬಹಳ ಅಂದೆ. ಮದುವೆಗೆ ನಾವು ಹೋಗಲಿಲ್ಲ. ಆಮೇಲೆ ಗಂಡ ತೀರಿಕೊಂಡರು, ಖಾನಾವಳಿ ಮುಚ್ಚಿದೆ, ಮಗಳು ಬಸುರಾದಳು. ಆಗ ಅವಳೇ ಕರೆದಳು, ಆದರೆ ಒಂದು ಕರಾರು ಹಾಕಿ ಕರೆದಳು. "ಬರ್ತಿದ್ರ ಬಾ ಅವ್ವಾ. ಆದ್ರ ಅವರ ಬಗ್ಗೆ ನನ್ನ ಮುಂದ ಒಂದು ಶಬ್ದ ಕೆಟ್ಟದ್ದು ಆಡಬ್ಯಾಡ. ಒಂದು ಶಬ್ದ. ಆಡಿದ್ರ ಅವತ್ತ ಟಿಕೆಟ್ ತಗಸ್ತೀನಿ." ನಾನು ಆಗಲಿ ಎಂದೆ. ಆಡಿದ ಮಾತಿನಂತೆ ಆರು ವರ್ಷ ನಡೆದುಕೊಂಡೆ.

ಸಮರ್‌ಸೆಟ್ ಎಂಬ ಊರಿನ ಅವರ ಮನೆಯಲ್ಲಿ ಅವರನ್ನು ದಿನವೂ ನೋಡಿದ ಮೇಲೆ ಕೆಟ್ಟದ್ದು ಆಡುವಂಥದ್ದು ಏನೂ ಉಳಿಯಲಿಲ್ಲ. ಪೆನ್ಸಿಲ್ವೇನಿಯಾದ ಒಂದು ಕಲ್ಲಿದ್ದಲಿನ ಊರಿನವರು, ತಂದೆ ಟ್ರಕ್ ಓಡಿಸುತ್ತಿದ್ದರಂತೆ. ಹದಿನೆಂಟಕ್ಕೆ ಚೆಂಡು ಒಗೆಯಲು ಮನೆ ಬಿಟ್ಟು ಹದಿನಾರು ವರ್ಷ ಊರೂರು ಬಸ್ಸಿನಲ್ಲಿ ತಿರುಗಿದವರು. ದೊಡ್ಡ ತಂಡವೊಂದು ಒಮ್ಮೆ ಕರೆದು ಹನ್ನೊಂದು ದಿನ ಇಟ್ಟುಕೊಂಡು ಹಿಂದಕ್ಕೆ ಕಳಿಸಿತ್ತು. ಬಲ ಮೊಣಕೈಯ ಒಳಬದಿಗೆ ಉದ್ದನೆಯ ಹೊಲಿಗೆಯ ಗುರುತು ಇದೆ. ಮಣಿಕಟ್ಟಿನ ನರ ಕಿತ್ತು ಅಲ್ಲಿ ಕಟ್ಟಿದ್ದಾರೆ. ಕೊನೆಗೆ ಮನೆಯಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ತಂಡಕ್ಕೆ ಬಂದು ಸೇರಿದ್ದರು. ಮನೆಯಲ್ಲಿದ್ದಾಗ ಪಾತ್ರೆ ತೊಳೆಯುತ್ತಿದ್ದರು, ಮೊಮ್ಮಗಳನ್ನು ಆಡಿಸುತ್ತಿದ್ದರು, ನಾನು ಬಡಿದ ರೊಟ್ಟಿಯನ್ನು ಎರಡೂ ಕೈಯಿಂದ ಮುರಿದು ತಿನ್ನುತ್ತಿದ್ದರು. ನನ್ನನ್ನು ಅತ್ತಿ ಎನ್ನುತ್ತಿದ್ದರು. ನನ್ನಿಂದ ಕಲಿತ ನಾಲ್ಕು ಮಾತು ನನ್ನ ಹಾಗೆಯೇ ಆಡುತ್ತಿದ್ದರು: "ಬ್ಯಾಡ್ರಿ ಅತ್ತಿ, ಸಾಕ್ರಿ." ನಮ್ಮಲ್ಲಿ ಅತ್ತೆ ಅಳಿಯನೆದುರು ಕುರ್ಚಿಯಲ್ಲಿ ಕೂಡುವುದಿಲ್ಲ, ಮುಟ್ಟುವುದಿಲ್ಲ, ನೇರ ಮಾತಾಡಿಸುವುದೂ ಕಡಿಮೆ. ನನ್ನ ಹತ್ತಿರ ಇಂಗ್ಲಿಷ್ ಇಲ್ಲದ್ದರಿಂದ ಆ ರೂಢಿ ಇಲ್ಲಿಯೂ ಸಲೀಸಾಗಿ ನಡೆಯಿತು.

ಬಂದ ಮೊದಲ ವರ್ಷ ಒಂದು ಆಟಕ್ಕೆ ಕರೆದೊಯ್ದರು. ಆಟ ಅರ್ಥವಾಗಲಿಲ್ಲ, ಅಪಾಯ ಮಾತ್ರ ಅರ್ಥವಾಯಿತು. ಮೈದಾನದ ನಡುವೆ ಒಂದು ಸಣ್ಣ ಮಣ್ಣಿನ ದಿಬ್ಬ. ಅಳಿಯಂದಿರು ಅದರ ಮೇಲೆ ನಿಂತು ಮೈಯೆಲ್ಲ ತಿರುಚಿ ಚೆಂಡು ಒಗೆಯುತ್ತಾರೆ. ಇಪ್ಪತ್ತು ಹೆಜ್ಜೆ ಆಚೆ ಒಬ್ಬ ದೊಣ್ಣೆ ಹಿಡಿದು ನಿಂತಿರುತ್ತಾನೆ. ದೊಣ್ಣೆಗೆ ಬಿದ್ದ ಚೆಂಡು ಹೋದುದಕ್ಕಿಂತ ಜೋರಾಗಿ ತಿರುಗಿ ಬರುತ್ತದೆ. ದೊಣ್ಣೆಯವನ ತಲೆಗೆ ಹೆಲ್ಮೆಟ್. ಅವನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಚೆಂಡು ಹಿಡಿಯುವವನ ಮುಖಕ್ಕೆ ಜಾಳಿಗೆ, ಎದೆಗೆ ದಿಂಬಿನಂಥದ್ದು, ಮೊಣಕಾಲಿಗೆ ಕವಚ. ಅವನ ಹಿಂದಿನ ಅಂಪೈರನಿಗೂ ಅದೇ ವೇಷ. ದುಡ್ಡು ಕೊಟ್ಟು ನೋಡಲು ಕುಳಿತ ನಮಗೂ ಒಂದು ಬಲೆ. ಎದುರಿಗೆ ನಿಂತು ಒಗೆಯುವ ಅಳಿಯಂದಿರಿಗೆ ಮಾತ್ರ ಬಟ್ಟೆಯ ಟೊಪ್ಪಿಗೆ.

"ಇವರ ತಲಿಗೆ ಯಾಕ ಏನೂ ಇಲ್ಲ?" ಎಂದು ಕೇಳಿದೆ.

"ಪಿಚರ್ ಹಾಕ್ಕೊಳ್ಳಂಗಿಲ್ಲ ಅವ್ವಾ."

"ಯಾಕ ಹಾಕ್ಕೊಳ್ಳಂಗಿಲ್ಲ?"

"ರೂಢಿ ಇಲ್ಲ, ಅಷ್ಟ."

ರೂಢಿ ಎಂದ ಮೇಲೆ ನಾನು ಸುಮ್ಮನಾದೆ. ಆದರೆ ಆವತ್ತು ಹೊಕ್ಕ ಹೆದರಿಕೆ ಮತ್ತೆ ಹೋಗಲಿಲ್ಲ. ಅವರು ಆಡುವ ದಿನ ಅಡುಗೆಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಮುಂದೆ ನಾನು ಆಟಕ್ಕೆ ಹೋಗಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಆರನೇ ವರ್ಷದ ಜೂನಿನಲ್ಲಿ. ನಾನು ಮನೆಯಲ್ಲಿದ್ದೆ. ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದಳು. ಚೆಂಡು ಎಡಗಣ್ಣಿನ ಮೇಲೆ ಹಣೆಗೆ ಬಡಿದಿತ್ತು. ಎರಡು ದಿನ ಅಲ್ಲಿಟ್ಟುಕೊಂಡು ಕಳಿಸಿದರು. ಕಣ್ಣು ಬದನೆಕಾಯಿಯ ಹಾಗೆ ಊದಿತ್ತು, ವಾರದ ಮೇಲೆ ಇಳಿಯಿತು. ತಂಡದ ಡಾಕ್ಟರು ಬೆರಳು ಆಡಿಸಿ ನೋಡಿದರು, ಗೋಡೆಯ ಅಕ್ಷರ ಓದಿಸಿದರು, ಎಲ್ಲ ಸರಿ ಇದೆ ಎಂದರು.

ಅದೇ ಹೊತ್ತಿಗೆ ಇನ್ನೊಂದು ಮಾತು ನಡೆದಿತ್ತು. ಅಳಿಯಂದಿರಿಗೆ ಮೂವತ್ತನಾಲ್ಕು. ಒಗೆಯುವ ತೋಳಿಗೆ ಅದು ಮುದಿ ವಯಸ್ಸು. ಮುಂದಿನ ವರ್ಷ ತಮ್ಮಲ್ಲೇ ಪಿಚರುಗಳಿಗೆ ಕಲಿಸುವ ಕೋಚ್ ಆಗಿರಿ ಎಂದು ತಂಡದ ಮ್ಯಾನೇಜರ್ ಹೇಳಿದ್ದ. ಈ ಸೀಸನ್ ಗಟ್ಟಿಯಾಗಿ ಮುಗಿಸಬೇಕು, ಅಷ್ಟೇ. ಹದಿನಾರು ವರ್ಷ ಒಗೆದದ್ದಕ್ಕೆ ಉಳಿದದ್ದು ಆ ಒಂದು ಮಾತು. ಬೇರೆ ವಿದ್ಯೆ ಅವರ ಹತ್ತಿರ ಇರಲಿಲ್ಲ, ನನ್ನ ಹತ್ತಿರ ಇಲ್ಲದ ಹಾಗೆಯೇ.

ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ಒಂದು ದಿನ ಬೆಳಿಗ್ಗೆ ಅವರು ಕಾಫಿ ಸುರಿದುಕೊಂಡರು. ಕಾಫಿ ಕಪ್ಪಿನ ಆಚೆ ಬಿತ್ತು. ಒರೆಸಿದರು. ಮರುದಿನ ಕಪ್ಪನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಜಗ್ಗಿನ ಬಾಯಿಯನ್ನು ಅದರ ಅಂಚಿಗೆ ತಾಗಿಸಿ ಸುರಿದರು. ಕುರುಡರು ಹಾಗೆ ಸುರಿಯುತ್ತಾರೆ. ಮೆಟ್ಟಿಲು ಇಳಿಯುವಾಗ ಪಕ್ಕದ ಕಟಕಟೆಯ ಹಿಡಿತ ಬಿಡದೆ ಇಳಿಯತೊಡಗಿದರು, ಹತ್ತುವಾಗ ಮಾತ್ರ ಮೊದಲಿನಂತೆ ಎರಡೆರಡು ಮೆಟ್ಟಿಲು ಹಾರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಕತ್ತು. ಸದಾ ಬಲಗಡೆಗೆ ವಾಲಿರುತ್ತಿತ್ತು, ಯಾರೋ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ ಎಂಬಂತೆ. ಮಗಳಿಗೆ ಅದು ಚಂದ ಕಂಡಿತು. "ಈಗ ನಾ ಮಾತಾಡಿದ್ರ ಲಕ್ಷ್ಯಗೊಟ್ಟು ಕೇಳ್ತಾರ ನೋಡವ್ವಾ" ಎಂದು ನಕ್ಕಳು. ಅವಳು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವಳು. ದಿನವಿಡೀ ನೋಡುವವಳು ನಾನು.

ಆ ವರ್ಷ ಅಧಿಕ ಮಾಸ ಬೇಸಿಗೆಯ ನಡುವೆ ಬಂತು. ಆ ತಿಂಗಳಲ್ಲಿ ಅಳಿಯನನ್ನು ನಾರಾಯಣ ಎಂದು ಭಾವಿಸಿ ಮೂವತ್ತಮೂರು ಅನಾರಸ ಕೊಡುವುದು ನಮ್ಮ ಕಡೆಯ ಪದ್ಧತಿ. ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲ ಕಲಸಿ ನಾಲ್ಕು ದಿನ ಇಟ್ಟು, ಗಸಗಸೆ ಹಚ್ಚಿ ತುಪ್ಪದಲ್ಲಿ ಕರಿಯಬೇಕು. ಸರಿಯಾಗಿ ಬಂದರೆ ಮೈತುಂಬ ಸಣ್ಣ ಸಣ್ಣ ತೂತು ಬೀಳುತ್ತವೆ. ಅಳಿಯನಿಗೆ ಹಿಂದೆ ನಾನು ಏನೂ ಮಾಡಿರಲಿಲ್ಲ, ಮದುವೆಗೇ ಹೋಗದವಳು. ಈ ಸಲ ಮಾಡಲೇಬೇಕೆಂದು ಮಗಳ ಜೊತೆ ನಮ್ಮವರ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಗಸಗಸೆ, ತುಪ್ಪ, ಒಂದು ದೊಡ್ಡ ಹಿತ್ತಾಳೆ ತಾಟು ತಂದೆ. ಕರಿಯುವಾಗ ಹೊಗೆಯ ಅಲಾರ್ಮ್ ಮೂರು ಸಲ ಕೂಗಿಕೊಂಡಿತು. ಮಗಳು ಕುರ್ಚಿ ಹತ್ತಿ ಟವೆಲ್ ಬೀಸುತ್ತ ನಿಂತಳು.

ಭಾನುವಾರ ನಾಲ್ಕೈದು ಕನ್ನಡದ ಮನೆಯವರನ್ನು ಕರೆದೆವು. ಅಳಿಯಂದಿರು ಧೋತರ ಉಟ್ಟು ಮಗಳ ಪಕ್ಕದಲ್ಲಿ ನಿಂತರು. ಎರಡು ದಿನ ಬಿಟ್ಟು ಅವರು ತಂಡಕ್ಕೆ ಮರಳುವವರಿದ್ದರು, ಎಲ್ಲರೂ ಅದಕ್ಕೆ ಶುಭ ಹೇಳುತ್ತಿದ್ದರು. ನಾನು ತಾಟಿನಲ್ಲಿ ಅನಾರಸ ಜೋಡಿಸಿ, ನಡುವೆ ತುಪ್ಪದ ದೀಪ ಇಟ್ಟು, ತಗ್ಗಾಗಿ ಹಿಡಿದು ಮುಂದೆ ಚಾಚಿದೆ. ಅವರು ಕೆಳಗೆ ನೋಡಿದರು, ಎರಡೂ ಕೈ ಮುಂದೆ ತಂದರು, ತಾಟಿನ ಮೇಲೆ ಏನೂ ಇಲ್ಲದಲ್ಲಿ ಬೆರಳು ಮಡಚಿದರು. ಹಿಡಿದರು ಎಂದುಕೊಂಡು ನಾನು ಬಿಟ್ಟೆ.

ತಾಟು ನೆಲಕ್ಕೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಅನಾರಸ ಉರುಳಿದವು. ದೀಪ ಕಾರ್ಪೆಟ್ಟಿನ ಮೇಲೆ ಮಗುಚಿ ಅಂಗೈಯಗಲ ಸುಟ್ಟಿತು, ಯಾರೋ ಕಾಲಿನಿಂದ ಒರೆಸಿ ಆರಿಸಿದರು. ಅಳಿಯಂದಿರ ಮುಖ ನೋಡಿದೆ. ಹೆದರಿದ ಗಂಡಸಿನ ಮುಖ. ಖಾಲಿ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಅಷ್ಟು ಜನರೆದುರು, ಧೋತರ ಉಟ್ಟು ನಿಂತ ಅಳಿಯನ ಮಾನ ಹೋಗಬಾರದು ಎನ್ನುವುದೊಂದೇ ನನಗೆ ತೋಚಿತು.

"ನನ್ನ ಕೈ ಜಾರಿತು" ಎಂದೆ.

"ಅಯ್ಯೋ ಅವ್ವಾ! ದೀಪದ ತಾಟು!" ಎಂದು ಮಗಳು ತಲೆ ಚಚ್ಚಿಕೊಂಡಳು.

ಮೈಸೂರಿನ ಒಬ್ಬಾಕೆ ನನ್ನ ಮಣಿಕಟ್ಟು ಹಿಡಿದು ನೋಡಿದಳು. "ಕೈ ನಡುಗ್ತಾ ಇದ್ಯಾ ಆಂಟಿ? ನಮ್ಮತ್ತೆಗೂ ಹೀಗೇ ಶುರುವಾಗಿದ್ದು. ಸುಮ್ನೆ ಬಿಡ್ಬೇಡಿ, ತೋರಿಸ್ಬಿಡಿ."

"ಏನೂ ಇಲ್ಲವಾ, ತುಪ್ಪದ ಜಿಡ್ಡು."

"ಜಿಡ್ಡು ಅಂತಾನೇ ನಮ್ಮತ್ತೇನೂ ಹೇಳ್ತಾ ಇದ್ರು. ಈಗ ಚಮಚ ಹಿಡಿಯೋಕೆ ಆಗಲ್ಲ."

ಅಲ್ಲಿಗೆ ನನ್ನ ಕೈಗೆ ರೋಗ ಬಂದಿತು. ಮಗಳು ಮರುದಿನವೇ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಅವಳಿಗೆ ರಜೆ ಇರಲಿಲ್ಲ. ನನ್ನ ಗಟ್ಟಿ ಕೈಗಳನ್ನು ಪರೀಕ್ಷೆ ಮಾಡಿಸಲು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದವರು ಅಳಿಯಂದಿರು.

ಆ ಇಪ್ಪತ್ತು ನಿಮಿಷದ ಹಾಗೆ ನಾನು ಜೀವನದಲ್ಲಿ ಹೆದರಿಲ್ಲ. ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿದು ಕುಳಿತಿದ್ದೆ. ಮುಂದೆ ಅವರ ಕತ್ತು ಬಲಕ್ಕೆ ವಾಲಿತ್ತು. ಹೈವೇ ಮೇಲೆ ಟ್ರಕ್ಕುಗಳು ಎರಡೂ ಕಡೆ ಗೋಡೆಯ ಹಾಗೆ ಸರಿಯುತ್ತಿದ್ದವು. ಕಾರಿನ ವೇಗ ನೋಡಲು ಅವರು ಕಣ್ಣು ಕೆಳಗಿಳಿಸಿದಾಗಲೆಲ್ಲ ಒಂದು ರೆಪ್ಪೆ ಮುಚ್ಚುತ್ತಿದ್ದರು, ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ದೇವರನ್ನು ನೆನೆಯಲಿಲ್ಲ. ಬೆಳಿಗ್ಗೆ ಇದೇ ಕಾರಿನಲ್ಲಿ ಇವರು ಮೊಮ್ಮಗಳನ್ನು ಬೇಸಿಗೆ ಶಾಲೆಗೆ ಬಿಟ್ಟು ಬಂದಿದ್ದಾರೆ ಎನ್ನುವುದು ನೆನಪಾಯಿತು.

ಕಾರು ನಿಂತಿತು. ಇಬ್ಬರೂ ಇಳಿಯಲಿಲ್ಲ.

"ಥ್ಯಾಂಕ್ಸ್ ಅತ್ತಿ" ಎಂದರು ಅವರು, ಹಿಂದೆ ತಿರುಗದೆ.

ನಾನು ಮೊದಲ ಸಲ ಅವರನ್ನು ನೇರವಾಗಿ ಕೇಳಿದೆ. ಎರಡು ಬೆರಳು ತೋರಿಸಿ, "ಟೂ?" ಎಂದೆ.

ಅವರು ಕೈಯಿಂದಲೇ ತಿಳಿಸಿದರು. ದೂರದ್ದು, ಮೇಲಿನದ್ದು ಒಂದೇ. ಕೆಳಗೆ ನೋಡಿದರೆ ಎರಡು, ಒಂದರ ಮೇಲೊಂದು. ಕತ್ತು ಓರೆ ಮಾಡಿದರೆ ಎರಡೂ ಕೂಡುತ್ತವೆ. ಓರೆ ಮಾಡಿಯೇ ತಂಡದ ಡಾಕ್ಟರ ಅಕ್ಷರ ಓದಿದ್ದರು.

"ಟೆಲ್" ಎಂದೆ. ಮಗಳಿಗೆ ಎಂದು ಅವಳ ಹೆಸರು ಹಿಡಿದು ಹೇಳಿದೆ.

"ಬ್ಯಾಡ್ರಿ ಅತ್ತಿ. ಪ್ಲೀಸ್. ಸೆಪ್ಟೆಂಬರ್. ದೆನ್ ಕೋಚ್." ಎರಡೂ ಕೈ ಜೋಡಿಸಿದರು. ನಾವು ದೇವರಿಗೆ ಜೋಡಿಸುವ ಹಾಗೆ ಅಲ್ಲ, ಅವರಿಗೆ ಬರುವ ಹಾಗೆ, ಬೆರಳು ಹೆಣೆದು.

ಒಳಗೆ ಡಾಕ್ಟರಮ್ಮ ನನ್ನ ಕೈ ಚಾಚಿಸಿದಳು, ಮೂಗು ಮುಟ್ಟಿಸಿದಳು, ಕಾಗದದ ಮೇಲೆ ಸುರುಳಿ ಬರೆಸಿದಳು. ಅವಳು ಹೈದರಾಬಾದಿನವಳು, ನನಗೆ ತಿಳಿಯಲೆಂದು ಹಿಂದಿಯಲ್ಲಿ ಮಾತಾಡಿದಳು. ಈ ವಯಸ್ಸಿಗೆ ಇಂಥ ಗಟ್ಟಿ ಕೈ ತಾನು ನೋಡಿಲ್ಲವಂತೆ. ಬಿಪಿ ಮಾತ್ರ ಏರಿದೆ, ಮನಸ್ಸಿಗೆ ಏನಾದರೂ ಚಿಂತೆ ಇದೆಯೇ ಎಂದಳು. ಅಳಿಯಂದಿರು ಪಕ್ಕದಲ್ಲೇ ನಿಂತಿದ್ದರು. ಇಲ್ಲ ಎಂದೆ. ಅದೇ ಕಾರಿನಲ್ಲಿ ತಿರುಗಿ ಬಂದೆವು.

ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಬಹುದು. ಮಗಳ ಕರಾರು ಒಂದು ನೆಪ. ಹೇಳಿದರೆ ಅವರ ಕೋಚ್ ಕೆಲಸ ಹೋಗುತ್ತದೆ, ಅತ್ತೆಯ ಬಾಯಿಂದ ಹೋಯಿತು ಎಂದಾಗುತ್ತದೆ, ಮಗಳು ನನ್ನನ್ನು ಊರಿಗೆ ಕಳಿಸುತ್ತಾಳೆ. ಊರಿನಲ್ಲಿ ಖಾನಾವಳಿಯ ಜಾಗ ಬೇರೆಯವರದಾಗಿದೆ. ನಿಜ ಹೇಳಬೇಕೆಂದರೆ ನಾನು ಹೆದರಿದ್ದು ಅವರ ತಲೆಗೆ ಅರ್ಧ, ನನ್ನ ಜಾಗಕ್ಕೆ ಅರ್ಧ. ಒಂದೇ ಕೆಲಸ ಮಾಡಿದೆ. ಮರುದಿನದಿಂದ ಮೊಮ್ಮಗಳ ಕೈ ಹಿಡಿದು ಬೇಸಿಗೆ ಶಾಲೆಗೆ ನಡೆಸಿಕೊಂಡು ಹೋದೆ. ಎರಡು ಮೈಲು. "ಅಜ್ಜಿ, ವೈ ಆರ್ ವಿ ವಾಕಿಂಗ್?" ಎಂದು ಅದು ದಿನಾ ಅತ್ತಿತು. ಸಕ್ಕರೆ ರೋಗ ಬರಬಾರದೆಂದರೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಹೀಗೆ ಒಂದು ಸುಳ್ಳಿಗೆ ಇನ್ನೊಂದು.

ಅಳಿಯಂದಿರು ತಂಡಕ್ಕೆ ಮರಳಿದರು. ಚೆನ್ನಾಗಿಯೇ ಒಗೆದರಂತೆ. ಒಗೆಯುವುದು ಅವರಿಗೆ ಕಣ್ಣಿನ ಕೆಲಸವಾಗಿರಲಿಲ್ಲ, ರೊಟ್ಟಿ ಬಡಿಯುವುದು ನನಗೆ ಹೇಗೋ ಹಾಗೆ. ತಿರುಗಿ ಬರುವ ಚೆಂಡಿಗೆ ಮಾತ್ರ ಕಣ್ಣು ಬೇಕು. ಮೂರು ವಾರ ಅದು ಅವರ ಕಡೆಗೆ ಬರಲಿಲ್ಲ.

ಆ ಮೂರು ವಾರ ಮನೆಯಲ್ಲಿ ಕೂಡಲಾಗದೆ ಒಂದು ಶನಿವಾರ ನಾನೂ ಬರುತ್ತೇನೆ ಎಂದೆ. ಮಗಳಿಗೆ ಹಿಗ್ಗು. "ಏನ್ ಅವ್ವಾ, ಕಡೀಕೂ ಆಟದ ಹುಚ್ಚು ಹತ್ತಿತಲ್ಲ!" ಬಲೆಯ ಹಿಂದೆ ಕುಳಿತೆವು. ಮೊಮ್ಮಗಳ ಮಡಿಲಲ್ಲಿ ಪಾಪ್‌ಕಾರ್ನ್ ಪೊಟ್ಟಣ. ಹೊತ್ತು ಇಳಿದು ದೀಪ ಹಾಕಿದ ಮೇಲೆ ಅಳಿಯಂದಿರು ದಿಬ್ಬಕ್ಕೆ ಬಂದರು. ದೂರದಿಂದಲೂ ಕತ್ತಿನ ಓರೆ ನನಗೆ ಕಂಡಿತು. ಸಾವಿರ ಜನರಿದ್ದರು, ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಅವರು ಕೈ ಎತ್ತಿದಾಗ ಉಸಿರು ಹಿಡಿಯುತ್ತಿದ್ದೆ, ದೊಣ್ಣೆಯವನ ಹಿಂದೆ ಕುಳಿತವನ ಗ್ಲೋವಿನೊಳಗೆ ಚೆಂಡು ಸೇರಿದಾಗ ಬಿಡುತ್ತಿದ್ದೆ. ಹೀಗೆ ಒಂಬತ್ತು ಸಲ.

ಹತ್ತನೆಯದು ದೊಣ್ಣೆಗೆ ಸಿಕ್ಕಿತು. ಚೆಂಡು ತಗ್ಗಿನಲ್ಲಿ ನೆಟ್ಟಗೆ ಅವರ ಕಡೆಗೆ ಬಂತು. ಒಗೆದ ಭರಕ್ಕೆ ಇನ್ನೂ ಬಾಗಿದ್ದ ಅವರು ಹಿಂಜರಿಯಲಿಲ್ಲ, ಗ್ಲೋವ್ ಒಡ್ಡಿದರು. ಚೆಂಡು ಇದ್ದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಒಡ್ಡಿದರು. ಒಣ ಕಟ್ಟಿಗೆ ಮುರಿದ ಹಾಗೆ ಸದ್ದು ಬಂತು. ಮಂಡಿ ಊರಿ ಮುಂದಕ್ಕೆ ಬಿದ್ದರು.

ಮಗಳು ಚೀರಿಕೊಂಡು ಬಲೆಯತ್ತ ಓಡಿದಳು. ನಾನು ಏಳಲಿಲ್ಲ, ಮೊಮ್ಮಗಳ ಮುಖವನ್ನು ಎದೆಗೆ ಒತ್ತಿ ಹಿಡಿದೆ. ಅಳಿಯ ಸತ್ತ, ನಾನು ಕೊಂದೆ ಎಂದುಕೊಂಡೆ. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು: ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಈ ವಿಚಾರ ನನಗೆ ಬಂದದ್ದು ಹೌದು. ಬಂದಿಲ್ಲ ಎಂದು ಬರೆದರೆ ಉಳಿದದ್ದನ್ನೆಲ್ಲ ಬರೆದು ಉಪಯೋಗವಿಲ್ಲ.

ಅವರು ಸಾಯಲಿಲ್ಲ. ಎಡಗಡೆಯ ಕೊರಳೆಲುಬು ಎರಡು ತುಂಡಾಗಿತ್ತು. ಮೂರು ಬೆರಳು ಆಚೆ ಬಿದ್ದಿದ್ದರೆ ಗಂಟಲಿಗೆ ಬೀಳುತ್ತಿತ್ತು ಎಂದು ಡಾಕ್ಟರು ಹೇಳಿದರು. ಮ್ಯಾನೇಜರ್ ಆಸ್ಪತ್ರೆಗೆ ಬಂದ, ಹಾಸಿಗೆಯ ಪಕ್ಕ ಟೊಪ್ಪಿಗೆ ತೆಗೆದು ನಿಂತ. ದೀಪದ ಬೆಳಕು ಕಣ್ಣಿಗೆ ಹೊಡೆದಿರಬೇಕು ಎಂದ. ಅಳಿಯಂದಿರು ಹೌದು, ದೀಪ ಎಂದರು. ಕೋಚ್ ಕೆಲಸ ಎಲ್ಲೂ ಹೋಗುವುದಿಲ್ಲ, ಎಲುಬು ಕೂಡಲಿ, ಫೆಬ್ರವರಿಯಿಂದ ಬಂದು ಹುಡುಗರ ಬ್ಯಾಟಿಂಗ್ ಅಭ್ಯಾಸಕ್ಕೆ ದಿನಾ ಚೆಂಡು ಒಗೆಯಿರಿ ಎಂದು ಮ್ಯಾನೇಜರ್ ಹೇಳಿದ. ಮಗಳು ಇದನ್ನು ನನಗೆ ಕನ್ನಡದಲ್ಲಿ ಹೇಳುವಾಗ ಕಣ್ಣೀರಿನಲ್ಲೂ ನಗುತ್ತಿದ್ದಳು. "ಕೆಲಸ ಉಳೀತು ಅವ್ವಾ."

ನನಗೆ ಕೇಳಿಸಿದ್ದು ದಿನಾ ಎನ್ನುವುದು. ದಿನಾ ದಿಬ್ಬದ ಮೇಲೆ. ದಿನಾ ಎದುರಿಗೆ ದೊಣ್ಣೆ. ದಿಂಬಿನ ಮೇಲೆ ಅಳಿಯಂದಿರ ತಲೆ ಬಲಕ್ಕೆ ವಾಲಿತ್ತು. ಅವರು ನನ್ನನ್ನೇ ನೋಡಿದರು. ಆ ಸಂಜೆಯೂ ನಾನು ಬಾಯಿ ಬಿಡಲಿಲ್ಲ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಮತ್ತೆ ಪಿಚರ್ ಆಗಲಿಲ್ಲ. ಕಣ್ಣು ತಿರುಗಿಸುವ ಒಂದು ನರಕ್ಕೆ ಪೆಟ್ಟಾಗಿತ್ತು. ದಪ್ಪ ಗಾಜಿನ ಕನ್ನಡಕ ಕೊಟ್ಟರು, ಆಪರೇಷನ್ ಆಯಿತು, ಒಂದು ವರ್ಷ ಹೋಯಿತು. ಕಾರಿನ ಕೀಲಿ ಅಷ್ಟೂ ದಿನ ಮಗಳ ಚೀಲದಲ್ಲಿತ್ತು. ತಂಡ ಒಂದು ವರ್ಷ ಕಾದು ಕೆಲಸ ಕೊಟ್ಟಿತು, ಆದರೆ ಬ್ಯಾಟಿನ ಎದುರು ನಿಲ್ಲಬಾರದು, ಬಲೆಯ ಹಿಂದೆ ನಿಂತು ಕಲಿಸಬೇಕು ಎಂದಿತು. ಈಗ ಹದಿಮೂರು ಪಿಚರುಗಳು ಅವರ ಕೈಕೆಳಗಿದ್ದಾರೆ. ಯಾರಿಗಾದರೂ ತಲೆಗೆ ಸ್ವಲ್ಪ ತಾಗಿದರೂ ಸಾಕು, ಡಾಕ್ಟರು ಸರಿ ಎಂದಿದ್ದರೂ ಬಿಡದೆ ಎದುರಿಗೆ ಕೂರಿಸಿಕೊಳ್ಳುತ್ತಾರಂತೆ. ಕೈಗೆ ಒಂದು ಜಗ್ಗು, ಕೆಳಗೆ ಒಂದು ಗ್ಲಾಸು ಇಟ್ಟು, ನೀರು ಸುರಿ ಎನ್ನುತ್ತಾರೆ. ಕತ್ತು ನೆಟ್ಟಗಿರಬೇಕು. ಒಂದು ಹನಿ ಆಚೆ ಬಿದ್ದರೂ ಆ ದಿನ ಆಟ ಇಲ್ಲ. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬ ಕೇಳಿದ್ದಕ್ಕೆ, ನನ್ನ ಅತ್ತೆಯಿಂದ, ಆಕೆ ಊಟ ಬಡಿಸುತ್ತಲೇ ಆಳನ್ನು ಓದುತ್ತಾಳೆ ಎಂದರಂತೆ. ಮಗಳು ನಗುತ್ತ ಹೇಳಿದಳು. ನನಗೆ ನಗೆ ಬರಲಿಲ್ಲ. ನಾನು ಈಗಲೂ ಇದೇ ಮನೆಯಲ್ಲಿದ್ದೇನೆ, ಆಟ ಇದ್ದ ದಿನ ಫೋನ್ ಬಂದರೆ ಇಂದಿಗೂ ಎರಡು ಸಲ ಹೊಡೆದುಕೊಂಡ ಮೇಲೆಯೇ ಎತ್ತುತ್ತೇನೆ.

ಇದೆಲ್ಲ ಆಮೇಲಿನ ಮಾತು. ಆ ಶನಿವಾರ ದಾಟಿ ಭಾನುವಾರ ಬೆಳಿಗ್ಗೆ ಮಗಳು ಆಸ್ಪತ್ರೆಗೆ ಒಯ್ಯಲು ಡಬ್ಬಿಗೆ ಅವಲಕ್ಕಿ ತುಂಬುತ್ತಿದ್ದಳು. ನಾನು ಹಿಂದೆ ನಿಂತು ಹೇಳಿದೆ.

"ದೀಪ ಅಲ್ಲ ಅದು. ಅಳಿಯಂದ್ರಿಗೆ ಎರಡೆರಡು ಕಾಣಸ್ತದ. ಜೂನ್‌ದಿಂದ."

ಅವಳ ಕೈ ನಿಂತಿತು. "ನಿನಗ ಹೆಂಗ ಗೊತ್ತು?"

"ನೋಡೀನಿ. ಅವರೂ ಹೇಳ್ಯಾರ. ನಾನ ಮುಚ್ಚಿಟ್ಟೆ."

ಅವಳು ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. "ಇಷ್ಟು ದಿನ ನನ್ನ ಕೂಸನ್ನ ಅವರ ಕಾರಿನ್ಯಾಗ..." ಎಂದು ಅರ್ಧಕ್ಕೆ ನಿಲ್ಲಿಸಿ, "ಚೀಲ ಕಟ್ಟಿಕೋ ಅವ್ವಾ. ಈ ವಾರನ ಟಿಕೆಟ್ ತಗಸ್ತೀನಿ" ಎಂದಳು.

"ತಗಸು. ಮೊದಲ ನನ್ನ ದವಾಖಾನಿಗೆ ಕರಕೊಂಡು ನಡಿ. ನೀ ಕೇಳಿದ್ರ ಅವರು ಒಪ್ಪಂಗಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಎಲುಬಿನ ಪಟ್ಟಿ ನೋಡುತ್ತಿದ್ದ. ಮಗಳು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಅಳಿಯಂದಿರನ್ನು ಕೇಳಿದ. ನಾನು ಅಂದುಕೊಂಡ ಹಾಗೆಯೇ ಅವರು ಇಲ್ಲ, ಐ ಆ್ಯಮ್ ಫೈನ್ ಎಂದರು. ಮಗಳು ನನ್ನನ್ನು ನೋಡಿದಳು. ಅವಳು ಗಂಡನನ್ನೇ ನಂಬುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು.

ನಾನು ಸಿಂಕಿನಲ್ಲಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡೆ. ಹಾಸಿಗೆಯ ಹತ್ತಿರ ಹೋಗಿ, ಆರು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಅಳಿಯಂದಿರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದೆ. ಅವರು ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಒಂದು ಕೈಯಿಂದ ಗದ್ದ ಹಿಡಿದುಕೊಂಡೇ ಇನ್ನೊಂದು ಕೈಯ ಒಂದು ಬೆರಳನ್ನು ಅವರ ಹೊಟ್ಟೆಯ ಹತ್ತಿರ, ತಗ್ಗಿನಲ್ಲಿ ಹಿಡಿದೆ.

"ಎಷ್ಟು?" ಎಂದೆ.

ಅವರು ಕಣ್ಣು ಕೆಳಗಿಳಿಸಿದರು. ಒಂದು ರೆಪ್ಪೆ ಮುಚ್ಚಲು ಹೋದರು. "ಊಹೂಂ, ತಗೀರಿ" ಎಂದೆ. ತೆರೆದರು. ಡಾಕ್ಟರು ಹತ್ತಿರ ಬಂದು ಬಾಗಿ ಅವರ ಕಣ್ಣನ್ನೇ ನೋಡತೊಡಗಿದ.

"ಎರಡು" ಎಂದರು ಅಳಿಯಂದಿರು. ಆಮೇಲೆ ನನ್ನ ಕಡೆ ನೋಡದೆ, "ಸಾಕ್ರಿ ಅತ್ತಿ" ಎಂದರು.

ಡಾಕ್ಟರು ಜೇಬಿನಿಂದ ಸಣ್ಣ ಟಾರ್ಚ್ ತೆಗೆದು ನನಗೆ ಸರಿಯಲು ಹೇಳಿದ. ನಾನು ಸರಿಯಲಿಲ್ಲ. ಅವನು ಬೆಳಕು ಬಿಟ್ಟು ನೋಡಿ ಮುಗಿಸುವವರೆಗೂ ಅವರ ತಲೆಯನ್ನು ನೆಟ್ಟಗೆ ಹಿಡಿದುಕೊಂಡೇ ನಿಂತೆ.